ಕೆಲಸದಿಂದ ತೆಗೆದರು

ಹುಣಸೂರಿನ ಮಿಡ್ಲ್‌ಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮೇಷ್ಟರಾಗಿದ್ದ ಕಾಲ. ಸಂಜೆ ಶಾಲೆ ಬಿಟ್ಟು ಮನೆಗೆ ಬಂದರೆ ಜಗಲಿಯ ಮೇಲೆ ಯಾರಾದರೊಬ್ಬರು ಇಂಗ್ಲಿಷಿನಲ್ಲಿ ಅರ್ಜಿ ಬರೆಸಲು ಕಾದಿರುತ್ತಿದ್ದರು. ಹೆಗ್ಗಡದೇವನಕೋಟೆಯಲ್ಲಿದ್ದಾಗ ಅಂಟಿದ ಚಳಿಜ್ವರ ನನ್ನನ್ನು ಪೂರ್ತಿ ಬಿಟ್ಟಿರಲಿಲ್ಲ. ದಿನವಿಡೀ ಕೂಗಿ ಗಂಟಲು ಒಣಗಿರುತ್ತಿತ್ತು. ಆಗುವುದಿಲ್ಲ ಎನ್ನಲು ನಾಲಗೆ ಬಾರದೆ, ಬೇಗ ಬರೆದು ಕಳಿಸಿಬಿಟ್ಟರೆ ಸಾಕೆಂದು ಬರೆಯುತ್ತಿದ್ದೆ.

ಹಾಗೆ ಬಂದವರಲ್ಲಿ ಗಾಡಿಯ ಚಕ್ರ ಮಾಡುವ ಸಾಬರೊಬ್ಬರಿದ್ದರು. ವಯಸ್ಸು ಐವತ್ತು ದಾಟಿತ್ತು. ಕೊಡಗಿನ ಕಾಫಿ ತೋಟವೊಂದರಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಮರಳಿದ್ದರು. ಪಿರಿಯಾಪಟ್ಟಣದ ಕಡೆ ಮರದ ಡಿಪೋ ಒಂದರಲ್ಲಿ ಬಡಗಿ ಬೇಕೆಂದು ಕೇಳಿ ಅರ್ಜಿ ಬರೆಸಲು ಬಂದಿದ್ದರು.

“ತೋಟ ಯಾಕೆ ಬಿಟ್ರಿ ಸಾಬ್ರೇ?” ಎಂದೆ.

“ನಾನೆಲ್ಲಿ ಬುಟ್ಟೆ ಮೇಷ್ಟ್ರೇ? ಲಾರಿ ಬಂತು, ಗಾಡಿ ನಿಂತೋಯ್ತು. ತೋಟದ ದೊರೆ ಕೆಲಸದಿಂದ ತೆಗೆದ್ರು.”

ತೆಗೆದರು ಎಂದರಲ್ಲ, ನಾನು ‘ಡಿಸ್ಮಿಸ್’ ಎಂದು ಬರೆದೆ. ‘ಡಿಸ್ಚಾರ್ಜ್’ ಎಂಬ ಮಾತೂ ನನಗೆ ಗೊತ್ತಿತ್ತು. ಎರಡಕ್ಕೂ ಒಂದೇ ಅರ್ಥವೆಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿಕೊಟ್ಟಿದ್ದೆ. ಪೆನ್ನು ಎತ್ತಿ ಯೋಚಿಸುವಷ್ಟೂ ತ್ರಾಣವಿರಲಿಲ್ಲ.

ಎರಡು ವಾರಕ್ಕೆ ವಾಪಸು ಬಂದ ಅರ್ಜಿಯನ್ನು ಸಾಬರು ನನ್ನ ಬಳಿ ತಂದರು. ತಪ್ಪಿಗಾಗಿ ವಜಾ ಆದವರನ್ನು ತೆಗೆದುಕೊಳ್ಳುವುದಿಲ್ಲವೆಂದು ಕೆಳಗೆ ಕೆಂಪು ಶಾಯಿಯ ಒಂದು ಸಾಲು. ಜಾಗ ಖಾಲಿಯಿಲ್ಲವಂತೆ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಬಾಯಿ ತೆರೆದೂ ಇದ್ದೆ. ಸಾಬರು ನನ್ನ ಮುಖವನ್ನೇ ನೋಡುತ್ತಿದ್ದರು. ನಡೆದದ್ದನ್ನು ಹೇಳಿದೆ.

“ಅಂಗಂದ್ರೆ? ನಾನೇನಾರ ಕದ್ದೆ ಅಂತ ಬರೆದ್ರಾ?”

“ಕದ್ರಿ ಅಂತಲ್ಲ. ಏನೋ ತಪ್ಪು ಮಾಡಿದ್ದಕ್ಕೆ ಓಡಿಸಿದ್ರು ಅನ್ನೋ ಹಂಗಾಗಿದೆ.”

ಸಾಬರು ಅರ್ಜಿಯನ್ನು ಮಡಿಸಿ ಜೇಬಿಗಿಟ್ಟು, “ನಾನು ಬರಾಗ ದೊರೆ ಕೈ ಕುಲುಕಿ ಕಳಿಸಿದ್ರು ಕಣ್ರೀ,” ಎಂದರು. ಒಂದು ಬೈಗುಳ ಬಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನ ರಜೆ ಹಾಕಿ ಅವರೊಡನೆ ಡಿಪೋಗೆ ಹೊರಟೆ. ಎತ್ತಿನ ಗಾಡಿ, ಧೂಳು, ಮೈಯಲ್ಲಿ ಸಣ್ಣಗೆ ಜ್ವರ. ದಾರಿಯುದ್ದಕ್ಕೂ ಸಾಬರು ಚಕ್ರದ ಸದ್ದನ್ನು ಆಲಿಸುತ್ತ ಕೂತಿದ್ದರು. ಡಿಪೋದ ಅಧಿಕಾರಿ ನಮ್ಮನ್ನು ನಿಲ್ಲಿಸಿಕೊಂಡೇ ಎಲ್ಲ ಕೇಳಿದರು. “ಇಂಗ್ಲಿಷ್ ಮೇಷ್ಟ್ರು ಅಂತೀರಿ, ಇಷ್ಟೂ ಗೊತ್ತಾಗಲಿಲ್ವೇನ್ರೀ?” ಎಂದರು. ಆ ಜಾಗಕ್ಕೆ ಆಗಲೇ ಬೇರೊಬ್ಬರು ಬಂದಿದ್ದರು. ಬೇಕಾದರೆ ಹೊಸ ಅರ್ಜಿ ಕೊಟ್ಟು ಹೋಗಿ, ಮುಂದೆ ನೋಡೋಣ ಎಂದು ಕಾಗದ ಕೊಡಿಸಿದರು.

ಅಲ್ಲೇ ದಿಮ್ಮಿಯೊಂದರ ಮೇಲೆ ಕುಳಿತು ಬರೆಯತೊಡಗಿದೆ. ‘ಡಿಸ್ಚಾರ್ಜ್’ ಎಂದು ಬರೆಯಲು ಹೋದರೆ ಅದರ ಮೇಲೂ ಅನುಮಾನ ಹುಟ್ಟಿತು. ಆಸ್ಪತ್ರೆಯಿಂದ ರೋಗಿಯನ್ನು ಕಳಿಸುವುದಕ್ಕೂ ಅದೇ ಮಾತು, ಜೈಲಿನಿಂದ ಕೈದಿಯನ್ನು ಬಿಡುವುದಕ್ಕೂ ಅದೇ. ‘ರಿಲೀವ್’ ಎಂದರೆ ಇವರೇ ಬಿಡಿಸಿಕೊಂಡರು ಎಂದಾದೀತೇನೋ. ಹದಿನೈದು ವರ್ಷ ಕಲಿಸಿದ ಭಾಷೆ, ಒಂದು ಮಾತೂ ನಂಬಿಕೆಗೆ ಬರಲಿಲ್ಲ. ಕೊನೆಗೆ ಆ ಮಾತುಗಳನ್ನೆಲ್ಲ ಬಿಟ್ಟು, ತೋಟದಲ್ಲಿ ಗಾಡಿಯ ಕೆಲಸ ನಿಂತಿತು, ಆದ್ದರಿಂದ ದೊರೆಗಳು ಇವರನ್ನು ಊರಿಗೆ ಕಳಿಸಿದರು, ಇವರ ಮೇಲೆ ಯಾವ ದೂರೂ ಇಲ್ಲ ಎಂದು ಎಳೆಮಕ್ಕಳ ಇಂಗ್ಲಿಷಿನಲ್ಲಿ ಬರೆದೆ.

“ಕನ್ನಡದಾಗೆ ಏಳಿ,” ಎಂದರು ಸಾಬರು. ಹೇಳಿದೆ.

“ಇನ್ನೊಂದ್ ಸಲ.” ಮತ್ತೆ ಹೇಳಿದೆ. ಆಮೇಲೆಯೇ ಹೆಬ್ಬೆಟ್ಟು ಒತ್ತಿದರು.

ಮಳೆಗಾಲ ಕಳೆದ ಮೇಲೆ ಡಿಪೋದಿಂದ ಅವರಿಗೆ ಕರೆ ಬಂತು. ಕಾಯಂ ಬಡಗಿಯಾಗಿ ಅಲ್ಲ, ಮುರಿದ ಗಾಡಿಗಳನ್ನು ರಿಪೇರಿ ಮಾಡುವ ದಿನಗೂಲಿಗೆ. ಒಪ್ಪಿಕೊಂಡು ಹೋದರು. ಹೋಗುವ ಮುನ್ನ ಮನೆಗೆ ಬಂದು, “ಬುಡಿ ಮೇಷ್ಟ್ರೇ, ಆಗಿದ್ದಾಯ್ತು,” ಎಂದರು.

ಆಮೇಲೂ ಹಬ್ಬಕ್ಕೆ ಊರಿಗೆ ಬಂದಾಗ ಒಂದೆರಡು ಸಲ ನನ್ನಿಂದ ಕಾಗದ ಬರೆಸಿದ್ದುಂಟು. ಬರೆಸಿಕೊಂಡು ನೇರವಾಗಿ ಅಂಚೆ ಮಾಸ್ತರರ ಬಳಿ ಹೋಗಿ, ಇದರಲ್ಲಿ ಏನಿದೆ ಎಂದು ಓದಿಸಿ ಕೇಳುತ್ತಿದ್ದರಂತೆ. ಮಾಸ್ತರರೇ ನಗುತ್ತ ನನಗೆ ಹೇಳಿದರು. ನನಗೆ ನಗು ಬರಲಿಲ್ಲ, ಕೋಪವೂ ಬರಲಿಲ್ಲ. ಅವರು ಮಾಡಿದ್ದು ಸರಿಯಾಗಿಯೇ ಇತ್ತು.