ಎದುರಂಗಡಿಯ ತಮ್ಮ

ಮೂಲೆಯಂಗಡಿಯ ಕ್ಷೌರಿಕ ಎದುರಂಗಡಿಯ ಕ್ಷೌರಿಕನೊಂದಿಗೆ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ತನ್ನ ಗಿರಾಕಿಗಳನ್ನು ಸೆಳೆಯುತ್ತಾನೆಂಬ ಸಿಟ್ಟು. ತನ್ನ ಕೂದಲು ಕತ್ತರಿಸಿಕೊಳ್ಳಲು ಮೂರು ಬೀದಿ ದಾಟಿ ಹೋಗುತ್ತಿದ್ದನೇ ಹೊರತು ಎದುರಿನವನಿಗೆ ತಲೆ ಬಗ್ಗಿಸಿರಲಿಲ್ಲ.

ಒಂದು ಭಾನುವಾರ ಚರ್ಚಿನಲ್ಲಿ ನೋಡುತ್ತಾನೆ, ಅದೇ ಆಸಾಮಿ ದೀಕ್ಷಾಸ್ನಾನ ಪಡೆದು ನೀರು ತೊಟ್ಟಿಕ್ಕಿಸುತ್ತ ನಿಂತಿದ್ದಾನೆ! "ಇವತ್ತಿಂದ ಇವರು ನಮ್ಮ ಸಹೋದರ," ಎಂದರು ಪಾದ್ರಿ.

ಪ್ರಾರ್ಥನೆ ಮುಗಿದದ್ದೇ ತಡ, ಇವನು ಪಾದ್ರಿಯ ಹಿಂದೆ ಬಿದ್ದ. "ಅಲ್ಲ, ದೇವರು ಮನೆಗೆ ಇನ್ನೊಬ್ಬ ಮಗನ್ನ ಸೇರಿಸ್ಕೊಳ್ಳೋ ಮುಂಚೆ ಇದ್ದವರನ್ನ ಒಂದು ಮಾತು ಕೇಳಬಾರದಾ?"

"ನಿನ್ನನ್ನ ಸೇರಿಸ್ಕೊಂಡಾಗ ಯಾರನ್ನ ಕೇಳಿದ್ದ?" ಎಂದು ಪಾದ್ರಿ ನಕ್ಕರು.

ಆ ಮಾತು ಎರಡು ದಿನ ಅವನ ತಲೆ ತಿಂದಿತು. ಮೂರನೆಯ ದಿನ ರಸ್ತೆ ದಾಟಿ, ಎದುರಂಗಡಿಯ ಕುರ್ಚಿಯಲ್ಲಿ ಮುಖ ಗಂಟು ಹಾಕಿಕೊಂಡು ಕೂತ. ಕುತ್ತಿಗೆಗೆ ಕತ್ತಿ ತಾಗಿದಾಗ ಜೀವ ಬಾಯಿಗೆ ಬಂತು.

"ಅಲ್ಲಾಡಬೇಡ ಅಣ್ಣಾ, ನನ್ನ ಕೈಯೇ ನಡುಗ್ತಿದೆ," ಎಂದ ಎದುರಂಗಡಿಯವನು.

ಹುಟ್ಟಿದಾಗಿನಿಂದ ಇವನನ್ನು ಅಣ್ಣ ಎಂದು ಕರೆದವರೇ ಇರಲಿಲ್ಲ. ಕಣ್ಣು ತುಂಬಿ ಬಂದರೂ ಕನ್ನಡಿ ನೋಡಿ, "ಎಡಗಡೆ ಉದ್ದ ಬಿಟ್ಟಿದೀಯ ಕಣೋ," ಎಂದು ಗದರಿದ.

"ಅದು ನಿನ್ನ ಕಿವಿ ಸೊಟ್ಟ ಇರೋದು!"

ಗಿರಾಕಿಗಳು ಬಂದು ಬಿಡಿಸುವವರೆಗೂ ಇಬ್ಬರೂ ಒಡಹುಟ್ಟಿದವರಂತೆ ಜಗಳವಾಡಿದರು.