ಪಿಳ್ಳಮ್ಮನವರು ಸೋತ ಆಟ

ಇಲ್ಲ, ಪಿಳ್ಳಮ್ಮನವರು ಉಡುತ್ತಿದ್ದದ್ದು ಕೆಂಪು ಸೀರೆ ಅಲ್ಲವೇನೋ. ಆ ಬಣ್ಣವನ್ನು ನಾನು ಆಮೇಲೆ ಸೇರಿಸಿಕೊಂಡಿರಬೇಕು. ಖಚಿತವಾಗಿ ಹೇಳಬಲ್ಲದ್ದು ಇಷ್ಟು: ಜಕ್ಕೂರಿನ ಹಳೇ ಊರಿನಲ್ಲಿದ್ದ ನನ್ನ ವಿಡಿಯೋ ಗೇಮ್ ಅಂಗಡಿಯ ಹೊಸ್ತಿಲಲ್ಲಿ, ಮಡಿಲ ತುಂಬ ಅವರೆಕಾಯಿ ಹಾಕಿಕೊಂಡು ಪಿಳ್ಳಮ್ಮನವರು ಕೂತಿರುತ್ತಿದ್ದರು. ವರ್ಷವಿಡೀ ಅವರೆಕಾಯಿ ಸಿಗುವುದಿಲ್ಲ ಎಂದು ಗೊತ್ತು. ಆದರೂ ನನ್ನ ನೆನಪಿನಲ್ಲಿ ಅವರು ಯಾವಾಗಲೂ ಅದನ್ನೇ ಸುಲಿಯುತ್ತಿರುತ್ತಾರೆ.

ಕಟ್ಟಡ ಅವರದು. ತಮ್ಮ ಹೊಲವಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದ ಮೇಲೆ, ಕಾಯಲು ಬೆಳೆಯಿಲ್ಲದೆ ನನ್ನ ಅಂಗಡಿಯನ್ನು ಕಾಯತೊಡಗಿದರು. ಲೈಸೆನ್ಸಿನ ಜೊತೆ ಬಂದ ಷರತ್ತುಗಳನ್ನು ನಾನು ಗೋಡೆಗೆ ಅಂಟಿಸಿದ್ದೆ. ಓದಲು ಬಾರದ ಅವರು ನನ್ನಿಂದ ಒಮ್ಮೆ ಓದಿಸಿಕೊಂಡು, ಅಂದಿನಿಂದ ಸರ್ಕಾರದ ಪರ ನಿಂತುಬಿಟ್ಟರು. ಯೂನಿಫಾರಂನಲ್ಲಿ ಬಂದವರಿಗೆ ಪ್ರವೇಶವಿಲ್ಲ ಎಂಬುದು ಅವರಿಗೆ ಬಹಳ ಹಿಡಿಸಿತ್ತು. ಹುಡುಗರು ಬಣ್ಣದ ಟೀ ಶರ್ಟ್ ಏರಿಸಿಕೊಂಡು ಬಂದರೂ ಬಿಡುತ್ತಿರಲಿಲ್ಲ.

“ಮೇಲೆ ಬೇರೆ ಅಂಗಿ, ಕೆಳ್ಗೆ ಇಸ್ಕೂಲ್ ಪ್ಯಾಂಟು. ಸರ್ಕಾರ ಏನು ನಿನ್ ಸೊಂಟದ್ ಮೇಲ್ ಮಾತ್ರ ನೋಡ್ತದಾ? ನಡಿಯಲಾ.”

ಸರ್ಕಾರಕ್ಕೆ ಹೊಳೆಯದ್ದನ್ನು ತಾವೇ ಸೇರಿಸಿದ್ದರು. ಹಸಿದು ಬಂದವರು ಆಡುವಂತಿಲ್ಲ. ಗುಂಡು ಹಾರಿಸುವ ಆಟ ಮುಗಿಸಿದವರು ಮುಖ ತೊಳೆಯದೆ ಹೊರಡುವಂತಿಲ್ಲ. “ಅಷ್ಟ್ ಜನನ್ನ ಸಾಯ್ಸಿ ಅಂಗೇ ಮನೆಗೋಗ್ತೀಯೇನ್ಲಾ?” ಎಂದರೆ ಡಿಗ್ರಿ ಓದುವವರೂ ನಲ್ಲಿಯತ್ತ ನಡೆಯುತ್ತಿದ್ದರು.

ಒಂದು ದಿನ ಪೊಲೀಸರು ಬಂದರು. ವಿಡಿಯೋ ಗೇಮ್ ಬೋರ್ಡಿನ ಹಿಂದೆ ಜೂಜು ನಡೆಸುವವರೂ ಇದ್ದ ಕಾಲ ಅದು. ನನ್ನ ಮೇಲೂ ಯಾರೋ ದೂರು ಕೊಟ್ಟಿದ್ದರು. ಲೈಸೆನ್ಸ್ ಹೋದರೆ ನನಗೆ ಬೇರೆ ಕಸುಬು ಗೊತ್ತಿರಲಿಲ್ಲ.

“ಕೌಶಲ್ಯದ ಆಟ ಆದ್ರೆ ಸರಿ. ಅದೃಷ್ಟದ್ದಾದ್ರೆ ಅದು ಜೂಜು, ಇವತ್ತೇ ಬೀಗ,” ಎಂದರು ಸಬ್ ಇನ್‌ಸ್ಪೆಕ್ಟರ್. ನಾನು ಏನೋ ತೊದಲಿದೆ. ಪಿಳ್ಳಮ್ಮನವರು ಸೆರಗು ಕೊಡವಿ ಎದ್ದರು.

“ಸ್ವಾಮಿ, ಚೌಕಾಬಾರ ಗೊತ್ತಾ ನಿಮ್ಗೆ?”

“ಗೊತ್ತಮ್ಮ.”

“ಅದು ಕವಡೆ ಬಿದ್ದಂಗೆ. ಏನೂ ಬರ್ದಿರೋಳೂ ಒಂದೊಂದ್ಸಲ ಗೆಲ್ತಾಳೆ. ಇದ್ರಾಗೆ ನಾನ್ ಒಂದ್ಸಲ ಗೆದ್ರೂ ಬೀಗ ಆಕ್ಕೊಂಡೋಗಿ.”

ನನ್ನ ಅಂಗಡಿಯನ್ನು ನನ್ನನ್ನೇ ಕೇಳದೆ ಪಣಕ್ಕಿಟ್ಟುಬಿಟ್ಟರು.

ಕಾರ್ ರೇಸ್ ಹಾಕಿದೆ. ಎದುರಾಳಿಯಾಗಿ ಕಾನ್‌ಸ್ಟೇಬಲ್ ಕೂತರು. ಪಿಳ್ಳಮ್ಮನವರ ಕಾರು ಗೋಡೆಗೆ ಗುದ್ದಿತು, ತಿರುಗಿ ಬಂದ ದಾರಿಯಲ್ಲೇ ಓಡಿತು. ಮತ್ತೆ ಆಡಿದರು, ಮತ್ತೆ ಸೋತರು. ಕಾನ್‌ಸ್ಟೇಬಲ್ ಮಾತ್ರ ತಿರುವು ಬಂದಲ್ಲೆಲ್ಲ ಮೈಯನ್ನೂ ವಾಲಿಸುತ್ತಾ ಹಾರಿಹೋಗುತ್ತಿದ್ದರು.

“ಏನ್ರೀ, ಎಲ್ಲಿ ಕಲಿತ್ರಿ ಇದನ್ನ?” ಸಾಹೇಬರ ದನಿ ಗಡುಸಾಯಿತು.

“ಮನೇಲಿ ಮಗನ ಜೊತೆ, ಸಾರ್.”

ಸಾಹೇಬರೂ ಟೋಪಿ ತೆಗೆದಿಟ್ಟು ಕೂತರು. ಪಿಳ್ಳಮ್ಮನವರ ಎದುರು ಗೆದ್ದರು, ಕಾನ್‌ಸ್ಟೇಬಲ್ ಎದುರು ಸೋತರು.

“ನಂಗೆ ಬರಾಕಿಲ್ಲ, ನಿಮ್ಗೆ ವಸಿ ಬರ್ತದೆ, ಇವ್ರಿಗೆ ಚೆಂದಾಗ್ ಬರ್ತದೆ. ಇದ್ರಾಗೆ ಅದೃಷ್ಟ ಎಲ್ಲೈತೆ ಸ್ವಾಮಿ?”

ಸಾಹೇಬರು ನಗು ನುಂಗಿಕೊಂಡು ಎದ್ದುಹೋದರು. ಲೈಸೆನ್ಸ್ ಉಳಿಯಿತು. ಈ ಕಥೆಯನ್ನು ನಾನು ಎಷ್ಟು ಕಡೆ ಹೇಳಿದ್ದೇನೆಂದರೆ, ಹೇಳಿದಾಗಲೆಲ್ಲ ಆ ಕಾರು ಇನ್ನೊಂದು ಗೋಡೆಗೆ ಗುದ್ದುತ್ತದೆ. ಆದ್ದರಿಂದ ಗೋಡೆಗಳ ಮಟ್ಟಿಗೆ ನನ್ನನ್ನು ನಂಬಬೇಡಿ.

ಕಾನೂನು ಮುಚ್ಚಿಸದ ಅಂಗಡಿಯನ್ನು ಕೆಲವು ವರ್ಷಗಳ ನಂತರ ಮೊಬೈಲ್ ಮುಚ್ಚಿಸಿತು. ಆಮೇಲೆ ಪಿಳ್ಳಮ್ಮನವರೂ ಹೋದರು. ತಿಥಿ ಊಟದ ದಿನ ಅವರ ಸೊಸೆ ಮಂಜುಳಾ ಎಲೆಗೆ ಪಾಯಸ ಬಡಿಸುತ್ತಾ ನಿಂತು ಹೇಳಿದಳು:

“ಅಣ್ಣಾ, ನೀವು ಊಟಕ್ಕೆ ಹೋಗ್ವಾಗ ಅಂಗಡಿ ಅತ್ತೆಗೆ ಬಿಟ್ಟು ಹೋಗ್ತಿದ್ರಲ್ಲ, ಆಗ ನನ್ನ ಕರೆದು ತಮ್ ಜೊತೆ ಕಾರ್ ರೇಸ್ ಆಡ್ಸೋರು. ಒಂದ್ಸಲನೂ ನನ್ನ ಗೆಲ್ಲೋಕೆ ಬಿಡ್ಲಿಲ್ಲ ಕಣಣ್ಣ.”

ಇದು ಪೊಲೀಸರು ಬರುವುದಕ್ಕೆ ಮೊದಲೋ ಆಮೇಲೋ ಎಂದು ಕೇಳಿದೆ. ಅವಳಿಗೆ ನೆನಪಾಗಲಿಲ್ಲ.

ಪಿಳ್ಳಮ್ಮನವರು ಅಂದು ಆಟ ಬಾರದೆ ಸೋತರೋ, ನನಗಾಗಿ ಸೋತರೋ, ನನಗೆ ಗೊತ್ತಿಲ್ಲ.