ರಾಜಾರಾಮನ ಸಾಕ್ಷಿ

ಅಥಣಿಯ ಅಂಚಿನಲ್ಲಿ, ಪೇಟೆ ಮುಗಿದು ಕಬ್ಬು ಶುರುವಾಗುವಲ್ಲಿ ಒಂದು ಬಡಾವಣೆ ಇದೆ. ಕಮಾನಿನ ಮೇಲೆ ಶಾಂತಿನಗರ ಅಂತ ಬರೆದಿದ್ದಾರೆ. ಜನ ಕರೆಯುವುದು ಮಾತ್ರ ಕೆಳಗಿನ ಮಳಾ ಅಂತ. ಮಳಾ ಅಂದರೆ ತೋಟ. ತೋಟ ಹೋಗಿ ಪ್ಲಾಟು ಬಿದ್ದು ಹದಿನೈದು ವರ್ಷವಾಯಿತು, ಹೆಸರು ಮಾತ್ರ ಜಾಗ ಬಿಟ್ಟು ಎದ್ದಿಲ್ಲ. ಇಲ್ಲಿ ನೋಡುವಂಥದ್ದು ಏನಿದೆ ಎಂದು ಬೀಗರು ಕೇಳಿದರೆ ಇಲ್ಲಿಯವರು ಒಂದೊಂದಾಗಿ ಹೇಳುತ್ತಾರೆ: ಒಂದೇ ಜೋಕಾಲಿ ಉಳಿದಿರುವ ಗಾರ್ಡನ್ನು, ಹೆಂಗಸರು ಸೀರೆ ಹಾಸಿ ಹಪ್ಪಳ ಒಣಹಾಕುವ ವ್ಯಾಯಾಮದ ಯಂತ್ರಗಳು, ಬಸ್ಸು ನಿಲ್ಲದ ಬಸ್‌ಸ್ಟಾಪು, ಸಂಜೆಯ ಭೇಳಪುರಿ ಗಾಡಿ. ಬೀಗರ ಮುಖ ಸಪ್ಪಗಾಗುತ್ತಿದ್ದಂತೆ ಕೊನೆಗೆ ಬಾವಿಯ ಮಾತು ತೆಗೆಯುತ್ತಿದ್ದರು. ಆಗ ಬೀಗರು ಎದ್ದು ನಿಲ್ಲುತ್ತಿದ್ದರು.

ಆ ಬಾವಿ ನಲವತ್ತು ಅಡಿ ಅಗಲ. ಸುತ್ತ ಕರಿಕಲ್ಲಿನ ಗೋಡೆ, ಒಂದು ಬದಿಗೆ ನೀರಿನತನಕ ಇಳಿಯುವ ಮೆಟ್ಟಿಲು. ಏಪ್ರಿಲ್ ಬಂತೆಂದರೆ ಬೆಳಗಿನ ಆರಕ್ಕೇ ಅಲ್ಲಿ ಜಾತ್ರೆ. ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಮಂದಿಯೂ ಮಕ್ಕಳನ್ನು ಮೋಟರ್‌ಸೈಕಲ್ ಮೇಲೆ ಕೂರಿಸಿಕೊಂಡು ಬರುತ್ತಿದ್ದರು. ಯಾಕೆಂದರೆ ಅಲ್ಲಿ ಈಜು ಕಲಿಸುವವನು ರಾಜಾರಾಮ ಕಾಂಬಳೆ.

ರಾಜಾರಾಮನಿಗೆ ಈಗ ಅರವತ್ತಮೂರು. ಒಣಕಲು ಮೈ, ದೊಡ್ಡ ಗಂಟಲು. ಖಾಲಿ ಎಣ್ಣೆ ಡಬ್ಬಿಯ ಬಾಯಿ ಬಿಗಿಯಾಗಿ ಮುಚ್ಚಿ ಮಗುವಿನ ಬೆನ್ನಿಗೆ ಕಟ್ಟುತ್ತಿದ್ದ, ಮೂರು ದಿನ ಆಡಿಸುತ್ತಿದ್ದ, ನಾಲ್ಕನೆಯ ದಿನ ಹೇಳದೆ ಕೇಳದೆ ಬಿಚ್ಚಿಬಿಡುತ್ತಿದ್ದ. ಮಗು ಕಿರುಚುತ್ತಿತ್ತು, ನೀರು ಕುಡಿಯುತ್ತಿತ್ತು, ಆಮೇಲೆ ಈಜುತ್ತಿತ್ತು. ಹೆಣ್ಣುಮಕ್ಕಳ ಪಾಳಿಯಲ್ಲಿ ಅವನ ಹೆಂಡತಿ ಶೇವಂತಾ ಟವೆಲ್ ರಾಶಿ ಹಾಕಿಕೊಂಡು ಮೇಲೆ ಕೂತಿರುತ್ತಿದ್ದಳು. ಮಹಾಪೂರದ ವರ್ಷ ಕೃಷ್ಣಾ ಹೊಳೆ ಮನೆಗಳೊಳಗೆ ನುಗ್ಗಿದಾಗ ಮುದುಕರನ್ನು ಹೊತ್ತು ಈಜಿ ದಂಡೆ ಸೇರಿಸಿದ ಹುಡುಗರಲ್ಲಿ ಅರ್ಧ ಮಂದಿ ಇವನ ಡಬ್ಬಿ ಕಟ್ಟಿಕೊಂಡವರೇ.

ಇವನು ಕಲಿತದ್ದು ಮಾತ್ರ ಈ ಬಾವಿಯಲ್ಲಲ್ಲ, ಅಜ್ಜಿಯ ಊರಾದ ಸತ್ತಿಯ ಹೊಳೆಯಲ್ಲಿ. ಇವನ ಅಪ್ಪ ಇದೇ ತೋಟದಲ್ಲಿ ದುಡಿದು ಸತ್ತ. ಕೇರಿಯವನೆಂದು ಆ ಮೆಟ್ಟಿಲ ಮೇಲೆ ಕಾಲಿಡಲು ಅವನನ್ನು ಯಾರೂ ಬಿಡಲಿಲ್ಲ, ಮೇಲಿಂದ ಸುರಿದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದ. ಅವನ ಮಗ ಊರಿನ ಎಲ್ಲ ಜಾತಿಯ ಮಕ್ಕಳನ್ನೂ ಅದೇ ನೀರಿಗೆ ಎತ್ತಿ ಎಸೆಯುವಂತಾದ. ಅಪ್ಪ ಇದನ್ನು ನೋಡಬೇಕಿತ್ತು ಎಂದು ರಾಜಾರಾಮ ವರ್ಷಕ್ಕೊಮ್ಮೆಯಾದರೂ ಅನ್ನುತ್ತಿದ್ದ. ಅವನಿಗೆ ಆ ಬಾವಿ ಎಂದರೆ ಏನು ಎಂಬುದಕ್ಕೆ ಇಷ್ಟು ಸಾಕು.

ಇನ್ನು ಬಾವಿಯ ಒಡೆಯರ ಮಾತು. ತೋಟವೆಲ್ಲ ವಿರುಪಾಕ್ಷಪ್ಪನದು. ಕಬ್ಬು, ದ್ರಾಕ್ಷಿ ಎಲ್ಲ ಬೆಳೆದ ದೊಡ್ಡ ಮನೆತನ. ಮದುವೆಯ ಹೊತ್ತಿಗೆ ಬಾವಿ ಇದ್ದ ಐದು ಗುಂಟೆಯನ್ನು ಹೆಂಡತಿ ಶೈಲಾಳ ಹೆಸರಿಗೆ ಬರೆದಿದ್ದರು. ಇಪ್ಪತ್ತನಾಲ್ಕು ವರ್ಷದ ಹಿಂದೆ ಶೈಲಾ ಅದೇ ಬಾವಿಯಲ್ಲಿ ತೀರಿಕೊಂಡಳು. ಅವಳನ್ನು ಮೇಲೆತ್ತಿದವನು, ಆಗ ಆ ಮನೆಯಲ್ಲಿ ಆಳಾಗಿದ್ದ ರಾಜಾರಾಮ.

ಮೇಲೆತ್ತುವ ಮೊದಲೇ ಅವನು ಇನ್ನೊಂದನ್ನು ಕಂಡಿದ್ದ. ಮೇಲಿನ ಮೆಟ್ಟಿಲಲ್ಲಿ ಜೋಡಿಸಿಟ್ಟ ಚಪ್ಪಲಿ ಇದ್ದವು. ಪಕ್ಕದಲ್ಲಿ ಕರವಸ್ತ್ರದ ಗಂಟು, ಗಂಟಿನಲ್ಲಿ ತಾಳಿ. ಕಾಲು ಜಾರುವವರು ತಾಳಿ ಬಿಚ್ಚಿಟ್ಟು ಜಾರುವುದಿಲ್ಲ. ವಿರುಪಾಕ್ಷಪ್ಪನ ತಾಯಿ ಅಕ್ಕವ್ವ ಓಡಿ ಬಂದು ಎರಡನ್ನೂ ಸೆರಗಿನೊಳಗೆ ಎಳೆದುಕೊಂಡಳು. ಜನ್ಮದಲ್ಲಿ ಮೊದಲ ಸಲ ಆಳಿನ ಕೈ ಹಿಡಿದಳು.

“ರಾಜಾರಾಮ, ಕಾಲ ಜಾರಿತು ಅಂತ ಹೇಳೋ. ಆ ಕೂಸಿನ ಮಾರಿ ನೋಡು. ನಾಳೆ ಊರ ಮಂದಿ ಅದನ್ನ, ಬಾವಿ ಹಾರಿದಾಕಿ ಮಗಳು ಅಂದ್ರ ಹೆಂಗ ಬಾಳೀತು ಅದು?”

ಕೂಸು, ಅಂದರೆ ನಾಲ್ಕು ವರ್ಷದ ಕಾಂಚನ, ಅಂಗಳದಲ್ಲಿ ನಿಂತು ಅವ್ವ ಎಲ್ಲಿ ಎಂದು ಕೇಳುತ್ತಿತ್ತು. ಪೊಲೀಸರು ಬಂದಾಗ ರಾಜಾರಾಮ ಹೇಳಿದ: ಮೆಟ್ಟಿಲಿಗೆ ಪಾಚಿ ಕಟ್ಟಿತ್ತು, ಕಾಲು ಜಾರಿ ಬಿದ್ದರು, ನಾನೇ ನೋಡಿದೆ. ಕೆಳಗೆ ಸಹಿ ಹಾಕಿದ. ಶೈಲಾ ಯಾಕೆ ಹಾಗೆ ಮಾಡಿದಳು ಎಂಬುದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದ ಅಕ್ಕವ್ವ ಹೇಳದೆಯೇ ಸತ್ತಳು. ವಿರುಪಾಕ್ಷಪ್ಪ ಅಂದಿನಿಂದ ಬಾವಿಯ ಕಡೆ ಮುಖ ಹಾಕಲಿಲ್ಲ, ಇನ್ನೊಂದು ಮದುವೆಯನ್ನೂ ಆಗಲಿಲ್ಲ. ದೊಡ್ಡ ಮನೆಯ ಗುಟ್ಟಿಗೆ ಆಳಿನ ನಾಲಿಗೆಯೇ ಬೀಗ, ಇದು ನಮ್ಮ ಕಡೆಯ ಹಳೆಯ ಪದ್ಧತಿ. ಆ ಬೀಗ ಎಷ್ಟು ಭಾರ ಎಂದು ಯಾರೂ ತೂಗಿ ನೋಡುವುದಿಲ್ಲ.

ಮೂರು ವರ್ಷ ಆ ಬಾವಿಗೆ ಯಾರೂ ಇಳಿಯಲಿಲ್ಲ. ಒಂದು ದಿನ ಏಳು ವರ್ಷದ ಕಾಂಚನ ತಾನೇ ಬಂದು ಅವನ ಅಂಗಿ ಜಗ್ಗಿದಳು. “ಕಾಕಾ, ನನಗ ಈಜ ಕಲಸ್ರಿ. ನಮ್ಮವ್ವಗ ಈಜ ಬರ್ತಿದ್ದಿಲ್ಲಂತ.” ರಾಜಾರಾಮನ ಮೊದಲ ಶಿಷ್ಯೆ ಅವಳೇ. ಅವಳು ಇಳಿದಳೆಂದು ಉಳಿದ ಮಕ್ಕಳೂ ಇಳಿದರು. ಮೆಟ್ಟಿಲ ಪಾಚಿಯನ್ನು ಅವನು ಅಂದಿನಿಂದ ವಾರಕ್ಕೊಮ್ಮೆ ತಿಕ್ಕಿ ತೊಳೆಯುತ್ತಾ ಬಂದ, ತಾನು ಹೇಳಿದ ಸುಳ್ಳು ಎಲ್ಲಾದರೂ ನಿಜವಾದೀತು ಎಂಬ ಹೆದರಿಕೆ ಅವನಿಗೆ.

ಈಗ ಈ ವರ್ಷದ ಮಾತಿಗೆ ಬರೋಣ. ಬಡಾವಣೆಯಲ್ಲಿ ಒಂದು ನಿವಾಸಿಗಳ ಸಂಘ ಹುಟ್ಟಿದೆ. ಅದರ ಕಾರ್ಯದರ್ಶಿ ವಿಕ್ರಾಂತ, ಅವನೂ ಡಬ್ಬಿ ಕಟ್ಟಿಕೊಂಡು ಕಲಿತವನೇ. ಒಳ್ಳೆಯ ಹುಡುಗ, ಕೆಟ್ಟ ಬುದ್ಧಿಯಿಲ್ಲ. ಆದರೆ ಸಂಘ ಎಂದ ಮೇಲೆ ಏನಾದರೂ ಕಟ್ಟಬೇಕಲ್ಲ! ಬಾವಿ ಮುಚ್ಚಿ ಅಲ್ಲೊಂದು ಸಮುದಾಯ ಭವನ ಮಾಡೋಣ, ಗಣಪತಿ ಕೂರಿಸಲು, ಸೀಮಂತ ಮಾಡಲು ಜಾಗವಾಗುತ್ತದೆ ಎಂದರು. ರವಿವಾರ ಬೆಳಿಗ್ಗೆ ಗಾರ್ಡನ್ನಿನಲ್ಲಿ ಸಭೆ ಕೂಡಿತು. ರಾಜಾರಾಮ ಎದ್ದು ನಿಂತ.

“ಮಕ್ಕಳು ಹೊಳೀಗೆ ಹೋಗ್ತಾವ್ರಿ. ಇಲ್ಲೆ ಕಲೀಲಿ. ಒಂದ ಕೂಸಿಗೂ ಏನೂ ಆಗಿಲ್ಲ ಇಲ್ಲೆ.”

ವಿಕ್ರಾಂತ ಬಹಳ ವಿನಯದಿಂದ ಪೊಲೀಸರ ಒಂದು ಹಳೆಯ ಕಾಗದದ ಝೆರಾಕ್ಸ್ ತೆಗೆದ. “ಕಾಕಾ, ಸಿಟ್ಟ ಆಗಬ್ಯಾಡ್ರಿ. ಪಾಚಿ ಕಟ್ಟಿದ ಮೆಟ್ಟಿಲ ಮ್ಯಾಲಿಂದ ಕಾಲ ಜಾರಿ ಬಿದ್ದರು ಅಂತ ಬರದೈತಿ. ಕೆಳಗ ನಿಮ್ಮದ ಸಹಿ ಐತಿ. ದೊಡ್ಡವರ ಜಾರಿ ಬಿದ್ದಾರ ಅಂದ್ರ ಸಣ್ಣ ಹುಡುಗರ ಗತಿ ಏನು?”

ತನ್ನ ಸಹಿಯೇ ತನಗೆ ಎದುರು ನಿಂತರೆ ಮನುಷ್ಯ ಏನು ಮಾತಾಡಿಯಾನು? ರಾಜಾರಾಮ ಕೂತ. ಎಲ್ಲರೂ ಅವನ ಬೆನ್ನು ತಟ್ಟಿದರು, ಚಹಾ ಕೊಟ್ಟರು, ಅವನ ಉಪಕಾರ ನೆನೆದರು, ಬಾವಿ ಮುಚ್ಚಬೇಕೆಂದು ಕೈ ಎತ್ತಿದರು. ಉಳಿದದ್ದು ಒಂದೇ ಸಹಿ. ಜಾಗ ಈಗ ಕಾಂಚನಳ ಹೆಸರಿನಲ್ಲಿತ್ತು.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಶೇವಂತಾ ರೊಟ್ಟಿ ಹಾಕುತ್ತಾ ಅಂದಳು: “ಏನ್ರಿ, ಖರೆ ಹೇಳಿಬಿಡ್ರಿ. ಇಪ್ಪತ್ನಾಕ ವರ್ಷ ಅವರ ಮರ್ಯಾದಿ ಹೊತ್ತೀರಿ. ಅವರು ನಿಮ್ಮ ಬಾವಿ ಹೊತ್ತಾರನ?”

“ಮರ್ಯಾದಿ ಸುಟ್ಟ ಹೋಗ್ಲಿ,” ಅಂದ ರಾಜಾರಾಮ. “ಆ ಹುಡುಗಿಗೆ ಏನಂತ ಹೇಳ್ಲಿ?” ರೊಟ್ಟಿ ಮುರಿದವನು ಹಾಗೇ ಬಿಟ್ಟು ಎದ್ದ.

ಕಾಂಚನ ಈಗ ರಾಯಬಾಗದಲ್ಲಿ ಶಾಲೆಯ ಟೀಚರು. ಗಂಡನ ಊರೂ ಅದೇ. ಆ ಸಂಜೆ ಒಬ್ಬಳೇ ಬಾವಿಯ ಬಳಿಗೆ ಬಂದಳು. ಮಕ್ಕಳು ಈಜಿ ಮನೆಗೆ ಹೋಗಿದ್ದರು, ಮೆಟ್ಟಿಲು ಇನ್ನೂ ಒದ್ದೆಯಾಗಿದ್ದವು. ಇಬ್ಬರೂ ಕಟ್ಟೆಯ ಮೇಲೆ ಕೂತರು.

“ಕಾಕಾ, ನಾಳೆ ಸಹಿ ಮಾಡ ಅಂತಾರ. ಮಾಡೂದಕ್ಕಿಂತ ಮೊದಲ ನಿಮಗ ಒಂದ ಕೇಳೂದೈತಿ.”

“ಕೇಳವ್ವ.”

“ಮಂದಿ ಏನೇನೋ ಅಂತಾರ. ಸಾಲ್ಯಾಗ ಇದ್ದಾಗನ ಕೇಳೇನಿ. ನಮ್ಮವ್ವ ತಾನಾಗೇ ಬಿದ್ಲು ಅಂತ. ಅಪ್ಪನ್ನ ಕೇಳಿದ್ರ ಎದ್ದು ಹೋಗ್ತಾರ. ನೋಡಿದಾವ್ರು ನೀವೊಬ್ರ.” ಅವಳ ಧ್ವನಿ ನೆಟ್ಟಗಿತ್ತು, ಕೈ ಮಾತ್ರ ಸೆರಗಿನ ತುದಿಯನ್ನು ಹಿಂಡುತ್ತಿತ್ತು. “ತಾನಾಗೇ ಹೋಗಿದ್ರ ಈ ಬಾವಿದೇನ ತಪ್ಪ ಐತಿ? ನಾ ಸಹಿ ಮಾಡೂದಿಲ್ಲ. ನೀವ ಕಲಿಸಿದ ನೀರಿದು, ಯಾರ ಬಂದ್ರೂ ಮುಚ್ಚಗೊಡೂದಿಲ್ಲ. ಖರೇನ ಕಾಲ ಜಾರಿದ್ರ ಮಾತ್ರ ಬ್ಯಾರೆ. ನನ್ನ ಮಗಳಿಗೂ ಈಗ ನಾಕ ವರ್ಷ, ಕಾಕಾ. ಇನ್ನೊಂದ ಕೂಸಿಗೆ ನನ್ನಂಗ ಆಗಬಾರ್ದು. ಖರೆ ಹೇಳ್ರಿ.”

ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಒಂದು ಮಾತು, ಅಷ್ಟೇ. ಹಾರಿದಳು ಅಂದರೆ ಸಾಕು, ಬಾವಿ ಉಳಿಯುತ್ತದೆ. ನಾಳೆ ಆರಕ್ಕೆ ಮಕ್ಕಳು ಬರುತ್ತಾರೆ, ಮುಂದಿನ ಏಪ್ರಿಲ್‌ಗೂ ಬರುತ್ತಾರೆ. ಅದು ಸುಳ್ಳೂ ಅಲ್ಲ, ಸತ್ಯವೇ. ರಾಜಾರಾಮ ನೀರನ್ನು ನೋಡಿದ, ಮೆಟ್ಟಿಲನ್ನು ನೋಡಿದ, ಕೊನೆಗೆ ಅವಳ ಮುಖ ನೋಡಿದ. ಟೀಚರಮ್ಮನ ಮುಖ ಎಲ್ಲಿತ್ತು ಅಲ್ಲಿ? ಅಂಗಳದಲ್ಲಿ ನಿಂತು ಅವ್ವ ಎಲ್ಲಿ ಎಂದು ಕೇಳಿದ ಕೂಸಿನ ಮುಖವೇ ಅದು. ಹೇಳಿಬಿಡಬೇಕೆಂದೇ ಬಾಯಿ ತೆರೆದ.

“ಜಾರಿತವ್ವ,” ಅಂದ. “ನಾನ ನೋಡೇನಿ. ಕೊಡ ಹಿಡಕೊಂಡಿದ್ರು. ಜಾರಿತು.”

ಕೊಡ ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ. ಕಾಂಚನ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು. ಬಹಳ ಹೊತ್ತು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿ, ನಗಲು ನೋಡಿದಳು.

“ಅಂದ್ರ ಆಕಿ ನನ್ನ ಬಿಟ್ಟ ಹೋಗಿದ್ದಿಲ್ಲ, ಕಾಕಾ. ಇಷ್ಟ ವರ್ಷ ಒಳಗೊಳಗ ಆಕಿ ಮ್ಯಾಲ ಸಿಟ್ಟ ಇಟಗೊಂಡಿದ್ನಿ. ಕೂಸನ್ನ ಬಿಟ್ಟ ಹೋಗಾಕ ಹೆಂಗ ಮನಸ ಬಂತು ಅಂತ.”

ರಾಜಾರಾಮ ಹೂಂ ಅಂದ. ಅವಳ ಎದೆಯ ಮುಳ್ಳು ತೆಗೆದದ್ದು ಹೌದು, ತೆಗೆದು ಎಲ್ಲಿ ಚುಚ್ಚಿಕೊಂಡನೋ ಅವನೊಬ್ಬನಿಗೇ ಗೊತ್ತು. ಮನೆಗೆ ಹೋದಾಗ ಶೇವಂತಾ ಮುಖ ನೋಡಿಯೇ ತಿಳಿದುಕೊಂಡಳು.

ಮರುದಿನ ಕಾಂಚನ ಸಹಿ ಮಾಡಿದಳು. ವಾರ ಕಳೆಯುವುದರೊಳಗೆ ಟ್ರ್ಯಾಕ್ಟರ್‌ಗಳು ಮುರಿದ ಇಟ್ಟಿಗೆ, ಮಣ್ಣು ತುಂಬಿಕೊಂಡು ಸಾಲಾಗಿ ಬಂದು ನಿಂತವು. ಸಂಘದವರು ಬಾವಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಪೆಂಡಾಲು ಹಾಕಿ ಎಲ್ಲರನ್ನೂ ಕರೆದಿದ್ದರು. ಕೊಲ್ಲುವ ಮೊದಲು ಪೂಜೆ ಮಾಡುವುದರಲ್ಲಿ ನಮ್ಮ ಮಂದಿ ಹಿಂದೆ ಬೀಳುವುದಿಲ್ಲ. ಕಲಿಯುವುದು ಅರ್ಧಕ್ಕೆ ನಿಂತಿದ್ದ ಮಕ್ಕಳು ಗೋಡೆಯಾಚೆ ಸಾಲು ಹಿಡಿದಿದ್ದವು. ವಿರುಪಾಕ್ಷಪ್ಪನೂ ಬಂದಿದ್ದ, ಎಲ್ಲರ ಹಿಂದೆ, ಚಪ್ಪಲಿ ನೋಡುತ್ತಾ ನಿಂತಿದ್ದ. ಮೊದಲ ಬುಟ್ಟಿ ಮಣ್ಣು ಮಾಲಕಿಯೇ ಹಾಕಬೇಕೆಂದು ವಿಕ್ರಾಂತ ಕಾಂಚನಳ ಕೈಗೆ ಬುಟ್ಟಿ ಕೊಟ್ಟ.

ಅವಳು ಬುಟ್ಟಿ ಹಿಡಿದು ನೇರ ರಾಜಾರಾಮನ ಹತ್ತಿರ ಬಂದಳು. ಎಲ್ಲರಿಗೂ ಕೇಳುವಂತೆ ಹೇಳಿದಳು.

“ನಾನಲ್ಲ, ಕಾಕಾ ಹಾಕ್ಲಿ. ನಮ್ಮವ್ವನ್ನ ಎತ್ತಿದ ಕೈ ಇದು. ನಿಮ್ಮ ಕೈಯಿಂದನ ಆಗಬೇಕು, ಕಾಕಾ.”

ಜನ ಚಪ್ಪಾಳೆ ತಟ್ಟಿದರು. ಶೇವಂತಾ ಮುಖ ತಿರುಗಿಸಿದಳು. ವಿರುಪಾಕ್ಷಪ್ಪ ಒಮ್ಮೆ ತಲೆ ಎತ್ತಿ ರಾಜಾರಾಮನನ್ನು ನೋಡಿ, ಮತ್ತೆ ತಗ್ಗಿಸಿದ. ಒಲ್ಲೆ ಅನ್ನಲು ಒಂದು ಕಾರಣ ಬೇಕಿತ್ತು, ಇದ್ದ ಒಂದೇ ಕಾರಣವನ್ನು ಹೇಳುವ ಹಾಗಿರಲಿಲ್ಲ. ಕಾಂಚನ ಅವನನ್ನೇ ನೋಡುತ್ತಿದ್ದಳು, ಅವಳ ಮುಖ ಎಷ್ಟೋ ವರ್ಷದ ಮೇಲೆ ಹಗುರಾಗಿತ್ತು.

ರಾಜಾರಾಮ ಬುಟ್ಟಿ ತೆಗೆದುಕೊಂಡ. ಮೆಟ್ಟಿಲ ತುದಿಗೆ ಹೋಗಿ ನಿಂತು, ಮಣ್ಣು ಸುರಿದ.